ಖಂಡೇನವಮಿಗೆ ರಜೆ ಪಡೆದ ಡಬ್ಬಿಗಳು

ಐನಾಪುರದ ಅಮೋಲನಿಗೆ ಒಂದು ಫೇಟಾ ಬೇಕಾಗಿತ್ತು. ಅಂಗಡಿಯಿಂದ ತಂದು ತಾನೇ ತಲೆಗೆ ಸುತ್ತಿಕೊಳ್ಳುವ ಫೇಟಾ ಅಲ್ಲ. ಮೈಕಿನಲ್ಲಿ ತನ್ನ ಹೆಸರು ಕೂಗಿ, ವೇದಿಕೆಗೆ ಕರೆದು, ಬೇರೆಯವರ ಕೈಯಿಂದ ಸುತ್ತಿಸುವ ಸತ್ಕಾರದ ಫೇಟಾ. ಊರಲ್ಲಿ ಹೊಸ ಟ್ರ್ಯಾಕ್ಟರ್ ತಂದವರಿಗೆ ಅದು ಸಿಕ್ಕಿತ್ತು. ಕುಸ್ತಿಯಲ್ಲಿ ಸೋತು ಬಂದವನಿಗೂ, ಪಾಪ ಅಷ್ಟು ದೂರ ಹೋಗಿದ್ದ ಎಂದು, ಒಮ್ಮೆ ಸಿಕ್ಕಿತ್ತು. ಝೆರಾಕ್ಸ್ ಅಂಗಡಿಯ ಅಮೋಲನಿಗೆ ಮಾತ್ರ ಸಿಕ್ಕಿರಲಿಲ್ಲ.

ಹಾಗಾಗಿ ಅವನು ಲಿನಕ್ಸ್ ಕಲಿತ.

ಕಂಪ್ಯೂಟರ್ ನಡೆಸುವ ಆ ವಿದ್ಯೆಯನ್ನು ಆಧಾರ್ ಕಾರ್ಡಿನ ನಕಲು ತೆಗೆಯುವ ನಡುವೆ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತ. ಬೇಸರ ಬಂದ ಕಡೆ ಮುಂದಕ್ಕೆ ಓಡಿಸಿದ. ಊರಿನ ದ್ರಾಕ್ಷಿ ಬೆಳೆಗಾರರ ಸಂಘಕ್ಕೆ ಹೋಗಿ, ಬೆಳೆಗಾರರಿಗೆಲ್ಲ ಒಂದು ಆ್ಯಪ್ ಮಾಡಿಕೊಡುತ್ತೇನೆ ಎಂದ. ಸಂಘದ ಅಧ್ಯಕ್ಷ ಬಾಳಾಸಾಬರು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಕಚೇರಿಯಿಂದ ಹಳೆಯ ಸರ್ವರ್ ಯಂತ್ರವೊಂದನ್ನು ತರಿಸಿಕೊಟ್ಟರು. ಅದನ್ನು ಒಣದ್ರಾಕ್ಷಿಯ ಗೋದಾಮಿನ ಪಕ್ಕದ ಕೋಣೆಯಲ್ಲಿಟ್ಟರು. ಇಂದಿಗೂ ಅದರ ಫ್ಯಾನಿನಿಂದ ತಂಬಾಕಿನ ವಾಸನೆ ಬರುತ್ತದೆ.

ಆ ಯಂತ್ರದೊಳಗೆ ಅಮೋಲ ಕಂಟೇನರುಗಳನ್ನು ಕಟ್ಟಿದ. ಕಂಟೇನರ್ ಎಂದರೇನು ಎಂದು ಕೇಳಿದವರಿಗೆ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

“ಡಬ್ಬಿರಿ, ಡಬ್ಬಿ. ಒಂದ ಚೀಲದಾಗ ಅನ್ನದ ಡಬ್ಬಿ ಬ್ಯಾರೆ, ಪಲ್ಲೆದ ಡಬ್ಬಿ ಬ್ಯಾರೆ ಇರತಾವಲ್ಲ? ಹಂಗ ಒಂದ ಸರ್ವರಿನ್ಯಾಗ ಒಂದೊಂದ ಕೆಲಸಕ್ಕ ಒಂದೊಂದ ಡಬ್ಬಿ. ಒಂದರ ಸಾರು ಇನ್ನೊಂದಕ್ಕ ಸೋರಂಗಿಲ್ಲ.”

ಹವಾಮಾನಕ್ಕೆ ಒಂದು ಡಬ್ಬಿ, ಮಾರುಕಟ್ಟೆ ದರಕ್ಕೆ ಒಂದು, ತೋಟಗಳ ದಾಖಲೆಗೆ ಒಂದು, ಆ ದಾಖಲೆಯ ಹೆಚ್ಚುವರಿ ಪ್ರತಿಗೆ ಇನ್ನೊಂದು. ಅಧ್ಯಕ್ಷರು ಕೈ ಮುಗಿದು ನಿಂತ ಫೋಟೊಕ್ಕೂ ಒಂದು ಸ್ವಂತ ಡಬ್ಬಿ.

“ನಂದಷ್ಟ ಬ್ಯಾರೆ ಇಟ್ಟೀಯೇನ?” ಎಂದು ಬಾಳಾಸಾಬರು ಸಂತೋಷಪಟ್ಟರು. ದಸರೆಯ ದಿನ ಸಂಘದ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಆ್ಯಪ್ ತೋರಿಸಿ, ಅಲ್ಲಿಯೇ ಅಮೋಲನಿಗೆ ಫೇಟಾ ಸುತ್ತುವುದೆಂದು ನಿಶ್ಚಯವಾಯಿತು.

ಮನೆಯಲ್ಲಿ ಹೆಂಡತಿ ರೂಪಾಲಿಗೆ ಮಾತ್ರ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. “ಊರ ಮಂದಿಗೆಲ್ಲಾ ಡಬ್ಬಿ ಹಂಚಾಕತ್ತೀರಿ. ಮನ್ಯಾಗ ಒಂದ ಉಪ್ಪಿನಕಾಯಿ ಡಬ್ಬಿಗೆ ಮುಚ್ಚಳಾ ಹಾಕಾಕ ಬರಂಗಿಲ್ಲ ನಿಮಗ” ಎನ್ನುತ್ತಿದ್ದಳು.

ಆ್ಯಪ್ ತಯಾರಾಯಿತು. ಬೆಳೆಗಾರರೆಲ್ಲ ಅದನ್ನು ಮೊಬೈಲಿಗೆ ಹಾಕಿಸಿಕೊಂಡರು, ಆಮೇಲೆ ಮರೆತರು. ನಿಜವಾಗಿ ಬಳಸಿದವಳು ಜೈನರ ಮನೆಯ ರಾಜಮತಿ ಒಬ್ಬಳೇ. ಅವಳ ಮನೆಯಲ್ಲಿ ಕಬ್ಬು ಗಂಡನದು, ದ್ರಾಕ್ಷಿ ಅವಳದು ಎಂಬ ಹಂಚಿಕೆಯಿತ್ತು. ಆ ವರ್ಷ ಆಳುಗಳು ಒಟ್ಟಿಗೆ ಸಿಗದೆ ಅವಳ ತೋಟದ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮೂರು ಸಲಕ್ಕೆ ಆಗಿತ್ತು. ಸವರಿದ ದಿನದಿಂದ ಎಣಿಸಿ ಔಷಧಿ ಹೊಡೆಯಬೇಕು. ಬೇಗನೆ ಹೊಡೆದರೆ ಚಿಗುರು ಸುಡುತ್ತದೆ, ತಡವಾದರೆ ಗೊನೆ ಕೈಗೆ ಬರುವುದಿಲ್ಲ. ಅದಕ್ಕೇ ಅವಳು ಪ್ರತಿ ವರ್ಷ ಹಳೆ ಸೀರೆ ಹರಿದು, ಒಂದೊಂದು ಸಲ ಸವರಿದ ಸಾಲುಗಳ ಕಂಬಕ್ಕೆ ಒಂದೊಂದು ಬಣ್ಣದ ಚಿಂದಿ ಕಟ್ಟುತ್ತಿದ್ದಳು.

ಆ್ಯಪಿನ ಮೊದಲ ಪುಟಕ್ಕೆ ಫೋಟೊ ತೆಗೆಯಲು ಬಂದ ಅಮೋಲನಿಗೆ ಆ ಚಿಂದಿಗಳು ಕಣ್ಣಿಗೆ ಚುಚ್ಚಿದವು.

“ರಾಜಮತಿ ಅಕ್ಕಾರ, ಏನ್ರಿ ಇದು, ತೋಟಕ್ಕ ದೃಷ್ಟಿ ತಗದಂಗ? ಡಿಜಿಟಲ್ ಜಮಾನಾ ಐತ್ರಿ. ಎಲ್ಲಾ ಡಬ್ಬ್ಯಾಗ ಹಾಕೂಣು.”

“ನಿನ್ನ ಡಬ್ಬಿ ಮಳಿಗೆ ತೋಯಂಗಿಲ್ಲೇನು?”

“ಪ್ರಳಯ ಆದ್ರೂ ಏನೂ ಆಗಂಗಿಲ್ರಿ.”

ಅವನೇ ಸಾಲು ಸಾಲು ತಿರುಗಿ ಚಿಂದಿ ಬಿಚ್ಚಿದ. ಅವಳು ಒಂದೊಂದು ಸಾಲನ್ನೂ ಆ್ಯಪಿಗೆ ಹಾಕಿದಳು. ಫೋಟೊ ಚಂದ ಬಂತು.

ವಿಡಿಯೊದಲ್ಲಿ ಅಮೋಲ ಮುಂದಕ್ಕೆ ಓಡಿಸಿದ ಭಾಗದಲ್ಲಿ ಒಂದು ಮಾತಿತ್ತು: ಉಳಿಯಬೇಕಾದ ದಾಖಲೆಯನ್ನು ಕಂಟೇನರಿನ ಒಳಗೆ ಇಡಬೇಡಿ, ಹೊರಗಿನ ಡಿಸ್ಕಿನಲ್ಲಿ ಜಾಗ ಮಾಡಿ ಜೋಡಿಸಿ, ಕಂಟೇನರ್ ಅಳಿದರೆ ಒಳಗಿದ್ದದ್ದೂ ಅದರೊಂದಿಗೇ ಹೋಗುತ್ತದೆ. ಅಮೋಲ ಎಲ್ಲವನ್ನೂ ಒಳಗೇ ಇಟ್ಟಿದ್ದ. ಹೆಚ್ಚುವರಿ ಪ್ರತಿಯನ್ನೂ ಇನ್ನೊಂದು ಡಬ್ಬಿಯ ಒಳಗೇ ಇಟ್ಟಿದ್ದ. ಸಾಲದ್ದಕ್ಕೆ, ಅವನು ಅರ್ಧಕ್ಕೆ ಬಿಟ್ಟ ಡಬ್ಬಿಗಳಿಂದ ಡಿಸ್ಕ್ ತುಂಬಿದಾಗ, ಸರ್ವರಿಗೆ ಒಂದು ಅಪ್ಪಣೆ ಬರೆದಿಟ್ಟಿದ್ದ: ಪ್ರತಿದಿನ ಬೆಳಗಿನ ಜಾವ, ಓಡದೆ ನಿಂತಿರುವ ಡಬ್ಬಿಗಳನ್ನೆಲ್ಲ ಅಳಿಸಿಬಿಡು. ಸರ್ವರ್ ಪ್ರತಿ ಸಲ “ಖಾತ್ರಿಯೇ?” ಎಂದು ಕೇಳುತ್ತಿತ್ತು. ಹಾಗೆ ಕೇಳುವುದು ಮನೆಯಲ್ಲಿ ರೂಪಾಲಿಯದೇ ಸಾಕೆಂದು, ಕೇಳದೆ ಅಳಿಸುವಂತೆ ಮಾಡಿದ್ದ.

ದಸರೆಯ ಹಿಂದಿನ ದಿನ, ಆಯುಧಪೂಜೆಯ ಖಂಡೇನವಮಿ ಬಂತು. ಊರಿನ ಕುಡಗೋಲು, ಪಂಪು, ಟ್ರ್ಯಾಕ್ಟರ್ ಎಲ್ಲಕ್ಕೂ ಅಂದು ಕುಂಕುಮ ಮತ್ತು ವಿಶ್ರಾಂತಿ. ಅಮೋಲ ಸರ್ವರಿಗೆ ಚೆಂಡು ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಯೋಚಿಸಿದ. ಯಂತ್ರ ಬಂದ್ ಮಾಡಿದರೆ ಮುಂದಿನ ನೀಲಿ ದೀಪ ಆರಿ ಪೂಜೆಯ ಫೋಟೊ ಸಪ್ಪಗಾಗುತ್ತದೆ. ಬಂದ್ ಮಾಡದಿದ್ದರೆ ದುಡಿಯುವವರಿಗೆ ರಜೆ ಸಿಗುವುದಿಲ್ಲ. ಅವನಿಗೆ ಒಂದು ಜಾಣ ದಾರಿ ಹೊಳೆಯಿತು: ಯಂತ್ರ ಉರಿಯುತ್ತಿರಲಿ, ಒಳಗಿನ ಡಬ್ಬಿಗಳನ್ನಷ್ಟೇ ನಿಲ್ಲಿಸೋಣ. ಒಂದೊಂದರ ಹೆಸರು ಹೇಳಿ, ಭಕ್ತಿಯಿಂದ ಎಲ್ಲವನ್ನೂ ನಿಲ್ಲಿಸಿದ.

“ಇವತ್ತ ಅವಕ್ಕೂ ಸೂಟಿ” ಎಂದು ರೂಪಾಲಿಗೆ ಹೇಳಿದ.

“ಎತ್ತಿಗಾದ್ರ ಹೋಳಿಗಿ ತಿನಸಬೌದಿತ್ತು” ಎಂದಳು ಅವಳು.

ಮರುದಿನ ಬೆಳಗಿನ ಜಾವ ಅವನ ಅಪ್ಪಣೆ ತನ್ನ ಕೆಲಸ ಮಾಡಿತು. ನಿಂತಿರುವ ಡಬ್ಬಿಗಳು ಕಂಡವು, ಅಳಿಸಿತು.

ದಸರೆಯ ದಿನ ಸ್ನಾನ ಮಾಡಿ ಬಂದು ಡಬ್ಬಿಗಳನ್ನು ಎಬ್ಬಿಸಹೋದ ಅಮೋಲನಿಗೆ, ಆ ಹೆಸರಿನದು ಯಾವುದೂ ಇಲ್ಲ ಎಂಬ ಉತ್ತರ ಬಂತು. ಹೆಚ್ಚುವರಿ ಪ್ರತಿಯ ಡಬ್ಬಿಯನ್ನು ಕರೆದ. ಅದೂ ಇಲ್ಲ. ಡಬ್ಬಿ ಮಾಡುವ ಅಚ್ಚು ಉಳಿದಿದ್ದರಿಂದ ಹೊಸ ಡಬ್ಬಿಗಳನ್ನು ಎಬ್ಬಿಸಿದ. ಅವು ಹುಟ್ಟಿದ ಕೂಸಿನಂತೆ ಏನೂ ಅರಿಯದೆ ಎದ್ದವು. ಇಡೀ ಸಂಘದಲ್ಲಿ ದಾಖಲೆ ಹಾಕಿದ್ದವಳು ಒಬ್ಬಳೇ ಎಂಬುದು ಅವನಿಗೆ ನೆನಪಾಯಿತು. ಹಬ್ಬದ ದಿನ ಅವಳಿಗೆ ತೋಟದ ಕೆಲಸವಿರುತ್ತದೆ, ಸಭೆಗೆ ಬರಲಾರಳು ಎಂದು ಧೈರ್ಯ ತಂದುಕೊಂಡು ಇಸ್ತ್ರಿಯ ಅಂಗಿ ಹಾಕಿಕೊಂಡ.

ಸಭೆಯಲ್ಲಿ ಮೊದಲು ಸತ್ಕಾರವಾಯಿತು. ಕೇಸರಿ ಫೇಟಾ ಸುತ್ತಿದರು, ತುದಿಯಲ್ಲಿ ಜರಿಯ ಗೊಂಡೆ. ಮೇಲೆ ಒಂದು ಹಸಿರು ಶಾಲು. ಅಮೋಲನ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಆನಂದವೆಂದುಕೊಂಡರು. ಆಮೇಲೆ ಪರದೆ ಬೆಳಗಿತು: “ಸ್ವಾಗತ. ಇನ್ನೂ ಯಾವ ತೋಟವೂ ಸೇರಿಲ್ಲ.”

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ತಾವು ಏನೂ ಹಾಕಿಲ್ಲವೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಹಾಕದಿದ್ದವನು ತಾನೊಬ್ಬನೇ ಅಲ್ಲವೆಂದು ತಿಳಿದು ಸಮಾಧಾನವಾಗಿತ್ತು.

ಬಾಳಾಸಾಬರು ಅಮೋಲನ ಕಿವಿಗೆ ಬಾಗಿದರು. “ನನ್ನ ಫೋಟೊ ಎಲ್ಲೈತಿ?”

“ಬರಾಕತ್ತೈತ್ರಿ ಸಾಹೇಬ್ರ. ನೆಟ್ ಸಾವಕಾಶ ಐತಿ.”

“ನನ್ನ ತೋಟಾನೂ ಅದರ ಹಿಂದ ನಡಕೋಂತ ಬರಾಕತ್ತೈತೇನು?” ಹಿಂದಿನ ಸಾಲಿನಿಂದ ರಾಜಮತಿ ಎದ್ದು ನಿಂತಿದ್ದಳು. ಕೈಯಲ್ಲಿ ಮೊಬೈಲಿತ್ತು. “ನಿನ್ನೆಯಿಂದ ತಗದ ನೋಡಾಕತ್ತೀನಿ. ಎಲ್ಲದಾವೋ ನನ್ನ ಸಾಲುಗೋಳು?”

“ಅದು... ಡಬ್ಬಿಗೋಳಿಗೆ ನಿನ್ನೆ ಸೂಟಿ ಕೊಟ್ಟಿದ್ದೆ ಅಕ್ಕಾರ.”

“ಹಂಗಾರ ಎಂದ ಬರತಾವ?”

ಅಮೋಲ ಫೇಟಾದ ಗೊಂಡೆ ಸರಿಪಡಿಸಿಕೊಂಡ. ಕೊನೆಗೆ ಅವನು, “ಬರಂಗಿಲ್ರಿ” ಎಂದ.

“ಬಳ್ಳ್ಯಾಗ ಚಿಗುರಿನ ಕಣ್ಣು ಒಡ್ಯಾಕತ್ತಾವ. ಇವತ್ತ ನೋಡಿದ್ರ ಯಾವುದು ಮೊದಲ ಸವರಿದ್ದು, ಯಾವುದು ಆಮ್ಯಾಲಿಂದು ಅಂತ ತಿಳೀತೈತಿ. ಇನ್ನೆರಡ ದಿನಾ ಬಿಟ್ರ ಎಲ್ಲಾ ಒಂದ ಆಗತಾವ. ನಡಿ.”

“ಊಟ ಆದ ಮ್ಯಾಲ ಬರತೀನ್ರಿ. ಜಿಲೇಬಿ ಮಾಡ್ಯಾರ.”

“ಹೊತ್ತ ಮುಳುಗಿದ ಮ್ಯಾಲ ನಾ ಉಣ್ಣಂಗಿಲ್ಲ. ಅದರಾಗ ಮುಗೀಬೇಕು. ನಡೀಲೇ.”

ಬಾಳಾಸಾಬರು ಬೇರೆ ಕಡೆ ನೋಡಿದರು. ಫೋಟೊ ಬಾರದ ಮೇಲೆ ಅವರಿಗೆ ಕಂಟೇನರುಗಳಲ್ಲಿ ಆಸಕ್ತಿ ಉಳಿದಿರಲಿಲ್ಲ.

ತೋಟದಲ್ಲಿ ರಾಜಮತಿ ಬಳ್ಳಿಗಳ ಮುಂದೆ ಬಾಗಿ ನೋಡುತ್ತ ಹೋದಳು. ಕೆಲವು ಸಾಲಿನಲ್ಲಿ ಎಲೆಯ ತುದಿ ಬಿಚ್ಚಿತ್ತು. ಕೆಲವು ಸಾಲಿನಲ್ಲಿ ಕಣ್ಣು ಹತ್ತಿಯಂತೆ ಉಬ್ಬಿತ್ತು, ಅಷ್ಟೆ. ಉಳಿದವು ಇನ್ನೂ ಮಲಗಿದ್ದವು.

“ಇದು ಮೊದಲಿಂದು. ಕಟ್ಟು.”

“ಏನ್ ಕಟ್ಟಲ್ರಿ? ಚಿಂದಿ ಎಲ್ಲದಾವ?”

“ನೀನ ಬಿಚ್ಚಿದ್ಯಲ್ಲ? ಒಲಿಗೆ ಹಾಕೀನಿ.” ಅವಳು ಅವನ ತಲೆಯನ್ನು ನೋಡಿದಳು.

ಅಮೋಲ ಎರಡೂ ಕೈಯಿಂದ ಫೇಟಾ ಹಿಡಿದುಕೊಂಡ. “ಅಕ್ಕಾರ, ಇದು ಸತ್ಕಾರದ್ದು.”

“ಒಂದ ಕಂಬಕ್ಕ ಒಂದ ಗೇಣು ಸಾಕು.”

ಬಟ್ಟೆ ಸುಲಭವಾಗಿ ಹರಿಯಿತು. ಸಂಘ ಅಗ್ಗದ್ದನ್ನೇ ತಂದಿತ್ತು. ಮೊದಲ ಸಲ ಸವರಿದ ಸಾಲುಗಳಿಗೆಲ್ಲ ಕೇಸರಿ ಬಿತ್ತು. ಎರಡನೆಯದಕ್ಕೆ ಶಾಲು ಹಸಿರು ಕೊಟ್ಟಿತು. ಮೂರನೆಯದನ್ನು ಬರಿದೆ ಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಅಮೋಲನ ಕೈಯಲ್ಲಿ ಜರಿಯ ಗೊಂಡೆಯಿದ್ದ ತುದಿಯೊಂದೇ ಉಳಿದಿತ್ತು. ಅದನ್ನು ಮಡಚಿ ಜೇಬಿಗೆ ಹಾಕಹೋದ.

“ರೂಪಾಲಿಗೆ ತೋರಸತೀನ್ರಿ ಅಕ್ಕಾರ. ಇಷ್ಟ ಇರಲಿ.”

ರಾಜಮತಿ ಊಟಕ್ಕೆಂದು ಮನೆಯ ಕಡೆ ತಿರುಗಿದ್ದವಳು ನಿಂತು, ಸಾಲಿನ ತುದಿಗೆ ಬೆರಳು ತೋರಿಸಿದಳು.

“ಮೊದಲಿಂದ್ರಾಗ ಆ ಕಂಬ ಒಂದ ಉಳದೈತಿ ನೋಡ.”

ಅಮೋಲ ಹೋಗಿ, ಗಂಟು ಬಿಚ್ಚಿಹೋಗದಂತೆ ಎರಡು ಸಲ ಎಳೆದು ನೋಡಿ ಕಟ್ಟಿದ.