ಬಲಗಡೆ ಮಾತ್ರ

ಹಾಲಿನ ಪ್ಯಾಕೆಟ್ ಒಳಗಿಟ್ಟು, ಕುಕ್ಕರಿಗೆ ಬೇಳೆ ಹಾಕಿ, ಕನ್ನಡಿಯ ಮುಂದೆ ನಿಂತು ಹಲ್ಲಿನ ತಂತಿಗಳ ಸಂದಿಗೆ ಸಣ್ಣ ಬ್ರಷ್ ತೂರಿಸಿದೆ. ತಂತಿ ಬಿಚ್ಚುವ ದಿನ, ಇವತ್ತಿಗೆ ಈ ಕೆಲಸ ಮುಗಿಯಿತು. ಈ ಬ್ರಷ್ ಹಿಡಿದಾಗಲೆಲ್ಲ ನಮ್ಮ ಹಲ್ಲಿನ ಡಾಕ್ಟರಮ್ಮನ ಹೆಬ್ಬೆರಳು ನೆನಪಾಗುತ್ತದೆ. ತಂತಿ ಬಗ್ಗಿಸಿ ಬಗ್ಗಿಸಿ, ಇಕ್ಕಳ ಒತ್ತುವ ಕಡೆ ಚರ್ಮ ಗಟ್ಟಿಯಾಗಿ ಹಳದಿ ಬಿದ್ದಿತ್ತು. ಅಷ್ಟು ತೆಳ್ಳಗಿನ ಕೈಗೆ ಯಾರೋ ಪೀಣ್ಯದ ಕಾರ್ಖಾನೆಯ ಫಿಟ್ಟರನ ಹೆಬ್ಬೆರಳು ಅಂಟಿಸಿದಂತೆ ಕಾಣುತ್ತಿತ್ತು.

ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಅವರ ಕ್ಲಿನಿಕ್ಕು. ಶಿಫ್ಟ್ ಮುಗಿಸಿ ಬರುವವರಿಗಾಗಿ ಕತ್ತಲಾದ ಮೇಲೂ ಬಾಗಿಲು ತೆರೆದಿರುತ್ತಿತ್ತು. ಪೇಷೆಂಟುಗಳ ನಡುವೆ ಅವರು ಚಪ್ಪಲಿ ಬಿಟ್ಟು, ತಣ್ಣನೆ ನೆಲಕ್ಕೆ ಕಾಲೂರಿ, ಕಣ್ಣು ಮುಚ್ಚಿ ಕೂರುತ್ತಿದ್ದರು. "ಐದು ನಿಮಿಷ ಯಾರೂ ನನ್ನ ಮಾತಾಡಿಸ್ಬೇಡಿ" ಎಂದವರು, ಅರೆ ಗಳಿಗೆಯಲ್ಲಿ ತಾವೇ ಮಾತಿಗಿಳಿಯುತ್ತಿದ್ದರು.

ನನ್ನ ಮೇಲಿನ ಹಲ್ಲುಗಳು ಮುಂದಕ್ಕೆ ಚಾಚಿ, ಕೆಳಗಿನವು ಅಂಗುಳಕ್ಕೆ ತಾಗಿ ಹುಣ್ಣಾಗುತ್ತಿತ್ತು. ಅದಕ್ಕೇ ಈ ವಯಸ್ಸಿನಲ್ಲಿ ತಂತಿ. ಆದರೆ ನನ್ನ ಆಸೆ ಬೇರೆಯಿತ್ತು. ಕಾನ್ವೆಂಟಿನ ಗ್ರೂಪ್ ಫೋಟೋದಿಂದ ನನ್ನ ಮದುವೆಯ ಆಲ್ಬಮ್ಮಿನವರೆಗೆ ಎಲ್ಲಿಯೂ ನನ್ನ ಹಲ್ಲಿಲ್ಲ. ಮಗಳ ಮದುವೆಯ ಫೋಟೋದಲ್ಲಾದರೂ ಬಾಯ್ತುಂಬ ನಗಬೇಕಿತ್ತು. ಮದುವೆ ಹತ್ತಿರವಿತ್ತು, ಹಲ್ಲುಗಳಿಗೆ ಅವಸರವಿರಲಿಲ್ಲ.

ನಮ್ಮದೇ ರಕ್ತದಿಂದ ಇಂಜೆಕ್ಷನ್ ಮಾಡಿ ಹಲ್ಲು ಬೇಗ ಸರಿಯುವಂತೆ ಮಾಡುತ್ತಾರಂತೆ ಎಂದು ಮೊಬೈಲಿನಲ್ಲಿ ನೋಡಿ, ಹೋಗಿ ಕೇಳಿದೆ.

"ಕೆಲವರಿಗೆ ಬೇಗ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ನಾನು ಗ್ಯಾರಂಟಿ ಕೊಡಲ್ಲಮ್ಮ" ಎಂದರು. ಆಮೇಲೆ ನನ್ನ ಮುಖ ನೋಡಿದರು. "ಒಂದ್ ಕೆಲ್ಸ ಮಾಡೋಣ. ಬಲಗಡೆ ಮಾತ್ರ ಚುಚ್ತೀನಿ. ಎಡಗಡೆ ಅದರ ಪಾಡಿಗೆ ಬಿಡ್ತೀನಿ. ಆಮೇಲೆ ನೀವೇ ನೋಡಿ ಹೇಳಿ."

ತೋಳಿನಿಂದ ರಕ್ತ ತೆಗೆದು, ಗಿರ್ರನೆ ತಿರುಗುವ ಯಂತ್ರದಲ್ಲಿಟ್ಟರು. ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿ ಹಳದಿ ನೀರು ನಿಂತಿತು. ಅದನ್ನು ಒಸಡಿಗೆ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು. "ನೋವಿನ ಮಾತ್ರೆ ನುಂಗ್ಬಿಟ್ಟೀರ! ಆ ಊತಾನೇ ಕೆಲಸ ಮಾಡೋದು. ತಡಿಯಕ್ಕೆ ಆಗ್ದಿದ್ರೆ ನಂಗೆ ಫೋನ್ ಮಾಡಿ" ಎಂದು ಹೆದರಿಸಿ ಕಳಿಸಿದರು.

ಮುಂದಿನ ತಿಂಗಳು ಬಲಗಡೆಯ ಕೋರೆಹಲ್ಲು ನಿಜಕ್ಕೂ ಎಡಗಡೆಯದಕ್ಕಿಂತ ಒಂದಿಷ್ಟು ಹೆಚ್ಚು ಹಿಂದಕ್ಕೆ ಸರಿದಿತ್ತು. ನಾನು ಮನಸ್ಸಿನಲ್ಲೇ ಫೋಟೋಗೆ ಸೀರೆ ಆರಿಸಿದೆ. ಅದರಾಚೆ ತಿಂಗಳು ಅವರು ಕನ್ನಡಿ ಕೈಗೆ ಕೊಟ್ಟರು. ಎಡಗಡೆಯದೂ ಅಲ್ಲಿಗೇ ಬಂದು ಸೇರಿತ್ತು.

"ಇನ್ನೊಂದ್ ಸಲ ಚುಚ್ಚಿ ಮೇಡಂ" ಎಂದೆ.

"ಬೇಡ ಕಣಮ್ಮ. ನೋವು ನಿಮಗೆ, ಫೀಸು ನಂಗೆ. ಚೆನ್ನಾಗಿರಲ್ಲ. ಮದುವೆಗೆ ತಂತಿ ಇರುತ್ತೆ, ಅಷ್ಟೆ."

ಅಷ್ಟೆ ಎನ್ನುವ ಆ ಮಾತಿಗೆ ಮನೆಗೆ ಬಂದು ಅತ್ತೆ.

ಮದುವೆಯ ದಿನ ನನ್ನ ನಾದಿನಿ, "ಅತ್ತಿಗೆ, ತಂತಿ ನೋಡಿ ಜನ ನೀವೇ ಮದುಮಗಳು ಅಂದ್ಕೋತಾರೆ!" ಎಂದು ನಾಲ್ಕು ಜನರ ಮುಂದೆ ನಕ್ಕಳು. ನಾನು ತುಟಿ ಬಿಗಿದುಕೊಂಡೆ. ಊಟದ ಹೊತ್ತಿಗೆ ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಹಾಗೆಯೇ, ಮುದುರಿದ ಸೀರೆಯಲ್ಲಿ ಬಂದರು. ಫೋಟೋಗೆ ನನ್ನ ಪಕ್ಕ ನಿಂತು, ಕ್ಯಾಮೆರಾದವನಿಗೆ ಗಟ್ಟಿಯಾಗಿ, "ತಡಿಯಪ್ಪ, ನನ್ನ ಪೇಷೆಂಟ್ ಇನ್ನೂ ಬಾಯಿ ತೆಗ್ದಿಲ್ಲ" ಎಂದರು. ನಗು ತಡೆಯಲಾಗಲಿಲ್ಲ. ಮಗಳ ಆಲ್ಬಮ್ಮಿನಲ್ಲಿ ನಾನಿದ್ದೇನೆ, ತಂತಿ, ಒಸಡು, ಎಲ್ಲ ಸಮೇತ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಊಟ ಮುಗಿಸಿ ಮಲಗಿದ ಡಾಕ್ಟರಮ್ಮ ಮತ್ತೆ ಏಳಲಿಲ್ಲ.

ಇವತ್ತು ಅವರ ಕುರ್ಚಿಯ ಪಕ್ಕ ನಿಂತು ಬೇರೆ ಡಾಕ್ಟರು ತಂತಿ ಬಿಚ್ಚಿದರು. ಒಳ್ಳೆಯವರೇ. "ಸೂಪರ್ ಆಗಿದೆ ಆಂಟಿ" ಎಂದರು. ಕನ್ನಡಿಯಲ್ಲಿ ನೋಡಿದೆ, ಚೆನ್ನಾಗಿಯೇ ಇತ್ತು. ನನ್ನನ್ನು ಮೆಚ್ಚಿಸಲಿಕ್ಕೆ ಒಂದು ಸುಳ್ಳನ್ನೂ ಹೇಳದ ಆ ಒಬ್ಬರ ಬಾಯಿಂದ ಅದನ್ನು ಕೇಳಬೇಕಿತ್ತು.

ಸಂಜೆ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯಾಕೆ ಕಂಡರು. ಹಲ್ಲೆಲ್ಲ ಕಾಣುವಂತೆ ನಕ್ಕೆ. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಏನೋ ಬೇರೆ ಥರ ಕಾಣ್ತಿದೀರ ಕಣ್ರೀ, ತಲೆಗೆ ಡೈ ಹಾಕ್ಕೊಂಡ್ರಾ?" ಎಂದರು. ನನ್ನ ಉತ್ತರಕ್ಕೂ ಕಾಯದೆ ಆಕೆಯೇ ಮುಂದುವರಿಸಿದರು, "ಹಾಂ, ನಾಳೆ ನೀರು ಬರಲ್ವಂತೆ, ಟ್ಯಾಂಕ್ ತುಂಬಿಸ್ಕೊಂಬಿಡಿ."