ಗೊಂಬೆಗೆ ಕಣ್ಣು ಬರೆದ ಮೇಲೆ

ನನ್ನ ಗಂಡನ ಎದೆ ಸರಿಯಿಲ್ಲವೆಂಬ ಸಂಗತಿ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವರಿಗೆ ಮತ್ತು ನನಗೆ. ಅವರು ಫೋರ್ಜ್ ಶಾಪ್‌ನಲ್ಲಿ ಕಾದ ಕಬ್ಬಿಣ ಬಡಿಯುವ ದೊಡ್ಡ ಹ್ಯಾಮರ್ ನಡೆಸುತ್ತಿದ್ದರು. ನಾನು ಅಲ್ಲಿಯೇ ಫಸ್ಟ್ ಏಡ್ ಕೋಣೆಯ ನರ್ಸ್. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರು ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಡಾಕ್ಟರು ಇಸಿಜಿ ನೋಡಿ, ಹೃದಯಾಘಾತವಾಗಿದೆ, ಇನ್ನು ಭಾರದ ಕೆಲಸ ಬಿಡಿ ಎಂದರು. ಇವರು ಕೇಳಬೇಕಲ್ಲ!

“ಫ್ಯಾಕ್ಟರೀಲಿ ಬಾಯಿ ಬಿಟ್ರೆ ನೋಡು. ಸ್ಟೋರ್ಸ್‌ನಲ್ಲಿ ಕೂರ್ಸಿ ನಟ್ಟು ಬೋಲ್ಟು ಕೊಡೋಕೆ ಹಾಕ್ತಾರೆ. ಅದಕ್ಕಿಂತ ಸಾಯೋದೇ ವಾಸಿ.”

“ಸಾಯೋದು ನಿಮಗೆ ವಾಸಿ ಕಣ್ರೀ. ಆಮೇಲೆ ಇರ್ಬೇಕಾದೋಳು ನಾನು,” ಎಂದು ಕೂಗಾಡಿದೆ. ಅವರು ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಅಂಥ ಮೊಂಡು ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಅವರದು ಸೆಕೆಂಡ್ ಶಿಫ್ಟು. ನಾನು ಕೆಲಸ ಮುಗಿಸಿ ಬಾಗಲಗುಂಟೆಯ ಮನೆಗೆ ಹೊರಡುವಾಗ ಅವರು ಹ್ಯಾಮರ್ ಮುಂದೆ ನಿಂತಿರುತ್ತಿದ್ದರು. ಅಲ್ಲಿ ಬಿದ್ದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರು ಬಿದ್ದರೂ ನಮ್ಮ ಜನ ಮೊದಲು ಎತ್ತಿ ಕೂರಿಸುತ್ತಿದ್ದರು. ಕೈಗೆ ಬೀಗದ ಕೈ ತುರುಕಿ, ಕ್ಯಾಂಟೀನಿನಿಂದ ಸೋಡಾ ತಂದು ಮುಖಕ್ಕೆ ಎರಚುತ್ತಿದ್ದರು. ಸುತ್ತ ಗೋಡೆ ಕಟ್ಟಿದ ಹಾಗೆ ನಿಂತು, ಗಾಳಿ ಬಿಡ್ರೋ ಎಂದು ಎಲ್ಲರೂ ಕಿರುಚುತ್ತಿದ್ದರು. ನಿಂತುಹೋದ ಹೃದಯಕ್ಕೆ ಸೋಡಾದಿಂದ ಏನಾಗಬೇಕು? ಸಂಜೆ ಹೊತ್ತು ಮನೆಯ ಗೇಟಿನ ಸದ್ದಾದರೆ ಸಾಕು, ಕಾರ್ಖಾನೆಯಿಂದ ಸುದ್ದಿ ಬಂತೇನೋ ಎಂದು ಬಾಗಿಲಿಗೆ ಓಡುತ್ತಿದ್ದೆ.

ಎದೆ ಒತ್ತಿ, ಬಾಯಿಂದ ಉಸಿರು ತುಂಬಿ ಜೀವ ಹಿಡಿದಿಡುವುದನ್ನು ನಾನು ಆಸ್ಪತ್ರೆಯ ತರಬೇತಿಯಲ್ಲಿ ಕಲಿತಿದ್ದೆ. ಅದನ್ನು ಕಾರ್ಮಿಕರಿಗೆ ಕಲಿಸುತ್ತೇನೆಂದು ಪರ್ಸನೆಲ್ ಆಫೀಸರ ಬೆನ್ನು ಹತ್ತಿದೆ. ಕಾರಣ ಮಾತ್ರ ಹೇಳಲಿಲ್ಲ.

“ಹ್ಯಾಮರ್ ನಿಲ್ಸೋದು ಅಂದ್ರೆ ಹುಡುಗಾಟ ಅಲ್ಲ ಸಿಸ್ಟರ್,” ಎಂದರು ಅವರು. “ಶಿಫ್ಟ್ ಬದಲಾಗೋ ಹೊತ್ತಲ್ಲಿ ಒಂದ್ಸಲ ಮಾಡಿ ತೋರ್ಸಿ. ಜನ ಕಲಿತ್ರೆ ಮುಂದುವರ್ಸೋಣ. ಇಲ್ದಿದ್ರೆ ಅಲ್ಲಿಗೇ ಬಿಟ್ಬಿಡಿ.”

ಬದುಕಿರುವವರ ಎದೆಯ ಮೇಲೆ ಇದನ್ನು ಅಭ್ಯಾಸ ಮಾಡುವಂತಿಲ್ಲ. ಗೊಂಬೆ ಬೇಕೇ ಬೇಕು. ಆಸ್ಪತ್ರೆಯಲ್ಲಿದ್ದಂಥ ರಬ್ಬರ್ ಗೊಂಬೆ ನಮಗೆಲ್ಲಿಂದ ಬರಬೇಕು? ಗೋಣಿಚೀಲಕ್ಕೆ ಮೆಷಿನ್ ಒರೆಸುವ ಕಾಟನ್ ವೇಸ್ಟ್ ತುಂಬಿ ಮೈ ಹೊಲಿದೆ. ಟೂಲ್ ರೂಮಿನವರು ಎದೆಯೊಳಗೆ ಹಲಗೆ, ಅದರಡಿ ಗಟ್ಟಿ ಸ್ಪ್ರಿಂಗ್ ಕೂರಿಸಿಕೊಟ್ಟರು. ಬಾಯಿಂದ ಒಂದು ಟ್ಯೂಬು ಇಳಿಸಿ ಫುಟ್‌ಬಾಲಿನ ಬ್ಲಾಡರಿಗೆ ಕಟ್ಟಿದೆವು. ಊದಿದರೆ ಎದೆ ಏಳುತ್ತಿತ್ತು. ಮನೆಯಲ್ಲಿ ಭಾನುವಾರ ಮಧ್ಯಾಹ್ನ ದಿಂಬಿನ ಮುಂದೆ ಮಂಡಿಯೂರಿ, ಅದನ್ನು ಒತ್ತುತ್ತಾ, ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದೆ. “ಗಂಡನ ಮೇಲಿನ ಸಿಟ್ಟು ದಿಂಬಿನ ಮೇಲೆ ಯಾಕಮ್ಮ?” ಎಂದರು ಅತ್ತೆ. ಪಕ್ಕದಲ್ಲಿ ಮಲಗಿದ್ದ ಗಂಡನ ಎದೆ ಏರಿಳಿಯುವುದನ್ನು ನೋಡುತ್ತಲೇ ನಾನು ದಿಂಬು ಒತ್ತಿದೆ.

ಪಾಠಕ್ಕೆ ಮೊದಲು ಆಯುಧಪೂಜೆ ಬಂತು. ಮನೆಯ ಪೂಜೆ ಮುಗಿಸಿ ನಾನು ತಡವಾಗಿ ಹೋದೆ. ಅಷ್ಟರಲ್ಲಿ ಫೋರ್ಜ್ ಶಾಪ್‌ನವರು ಯಂತ್ರಗಳ ಜೊತೆಗೆ ನನ್ನ ಕೋಣೆಯನ್ನೂ ಪೂಜಿಸಿದ್ದರು. ಸ್ಟ್ರೆಚರಿಗೆ ಚೆಂಡುಹೂ, ಕತ್ತರಿಗೆ ಕುಂಕುಮ. ಗೊಂಬೆಗೆ ಹಾರ ಹಾಕಿ, ಹಣೆಗೆ ವಿಭೂತಿ ಬಳಿದು, ಕಾಡಿಗೆಯಲ್ಲಿ ಎರಡು ದೊಡ್ಡ ಕಣ್ಣು ಬರೆದಿದ್ದರು. ನಾನು ನಕ್ಕು ಅವರು ಕೊಟ್ಟ ಪುರಿ ತಿಂದೆ.

ಪಾಠದ ದಿನ ನಗು ಬರಲಿಲ್ಲ. ಹ್ಯಾಮರ್ ನಿಂತಿತು. ಎರಡೂ ಶಿಫ್ಟಿನವರು ಸುತ್ತ ಸೇರಿದರು. ನನ್ನ ಗಂಡ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಗೊಂಬೆಯನ್ನು ಮಲಗಿಸಿ, ತಲೆ ಹಿಂದಕ್ಕೆ ಬಾಗಿಸುವುದು, ಕರ್ಚೀಫ್ ಹಾಕಿ ಊದುವುದು, ಎದೆ ಒತ್ತುವುದು ಎಲ್ಲ ತೋರಿಸಿದೆ. “ಈಗ ನೀವು ಬನ್ನಿ,” ಎಂದೆ. ಯಾರೂ ಕದಲಲಿಲ್ಲ.

ಕೊನೆಗೆ ವಯಸ್ಸಾದ ಫಿಟ್ಟರ್ ಒಬ್ಬರು ಬಾಯಿ ಬಿಟ್ಟರು. “ಕಣ್ಣು ಬರ್ದು ಮಂಗಳಾರತಿ ಮಾಡಿದೀವಿ ಸಿಸ್ಟರ್. ಅದ್ರ ಎದೆ ಅದುಮೋದಾ? ಬಾಯಿಟ್ಟು ಎಂಜಲು ಮಾಡೋದಾ?”

“ಮೆಷಿನ್ಗೂ ಪೂಜೆ ಮಾಡ್ತೀರಿ, ಮಾರನೇ ದಿನ ಅದ್ರಲ್ಲೇ ಕೆಲಸ ಮಾಡಲ್ವಾ?”

“ಮೆಷಿನ್ಗೆ ಕಣ್ಣಿಲ್ವಲ್ಲ.”

ಒದ್ದೆ ಬಟ್ಟೆಯಿಂದ ಕಣ್ಣು ಒರೆಸಹೋದೆ. ಕಾಡಿಗೆ ಕೆನ್ನೆಯ ತುಂಬ ಹರಡಿತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಒಬ್ಬಿಬ್ಬರು ಕೆನ್ನೆಗೆ ಬಡಿದುಕೊಂಡರು. ಆಫೀಸರು ಗಡಿಯಾರ ನೋಡಿ, “ಸಾಕು ಬಿಡಿ ಸಿಸ್ಟರ್. ಕೆಲಸ ಶುರು ಮಾಡ್ಲಿ,” ಎಂದರು. ಗಂಡನನ್ನು ಇದೇ ಜನರ ಕೈಗೆ ಬಿಟ್ಟು ನಾನು ಇವತ್ತೂ ಮನೆಗೆ ಹೋಗಬೇಕಾಗಿತ್ತು.

ಆಗ ಕಂಬದ ಹತ್ತಿರದಿಂದ ಇವರು ಬಂದರು. ಯೂನಿಫಾರಂ ಶರ್ಟು ಬಿಚ್ಚಿ ಬರೀ ಬನಿಯನ್ನಿನಲ್ಲಿ ಗೊಂಬೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ಹಾರ ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಶರ್ಟನ್ನು ಗೊಂಬೆಗೆ ತೊಡಿಸಿ ಒಂದೊಂದೇ ಗುಂಡಿ ಹಾಕಿದರು.

“ನಂಗೆ ಬೇಸಿಗೇಲಿ ಹಾರ್ಟ್ ಅಟ್ಯಾಕ್ ಆಗಿತ್ತು ಕಣ್ರೋ. ಯಾರಿಗೂ ಹೇಳಿರ್ಲಿಲ್ಲ,” ಎಂದರು. “ಇದು ನಾನು ಅಂದ್ಕೊಳ್ಳಿ. ನಾಳೆ ನಾನಿಲ್ಲಿ ಬಿದ್ರೆ ಮುಟ್ತೀರೋ, ಕೈ ಮುಗ್ದು ನಿಂತ್ಕೋತೀರೋ?”

ಆಫೀಸರು ಅಲ್ಲೇ ಇದ್ದರು. ಆ ಮಾತಿನಿಂದ ತಮ್ಮ ಹ್ಯಾಮರ್ ಕೆಲಸ ಹೋಯಿತೆಂದು ಇವರಿಗೂ ಗೊತ್ತಿತ್ತು.

ಇವರಿಗೆ ಇಕ್ಕಳ ಹಿಡಿದು ಕಬ್ಬಿಣ ಕೊಡುತ್ತಿದ್ದ ಜೊತೆಗಾರ ಮೊದಲು ಮಂಡಿಯೂರಿದ. ದೊಡ್ಡ ಕೈಗಳನ್ನು ಶರ್ಟಿನ ಮೇಲಿಟ್ಟ. ಮಗುವನ್ನು ಮುಟ್ಟುವ ಹಾಗೆ ಮುಟ್ಟಿದ.

“ಇನ್ನೂ ಜೋರಾಗಿ,” ಎಂದೆ.

“ನೋವಾಗಲ್ವಾ ಸಿಸ್ಟರ್?”

“ಆಗ್ಲಿ. ಬದುಕಿದ್ರೆ ತಾನೇ ನೋವು! ಒತ್ತಿ!”

ಒತ್ತಿದ. ಒಳಗಿನ ಸ್ಪ್ರಿಂಗ್ ಕಿರುಗುಟ್ಟಿತು. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೆ ಕೈ ನಿಲ್ಲಲಿಲ್ಲ. ಆಮೇಲೆ ಫಿಟ್ಟರ್ ಬಂದರು. ಅವರ ಹಿಂದೆ ಉಳಿದವರು ಸಾಲು ನಿಂತರು. ಮುಂದಿನ ಪಾಠ ಯಾವಾಗ ಎಂದು ಆಫೀಸರೇ ಕೇಳಿದರು.

ಮರುದಿನ ಇವರನ್ನು ಸ್ಟೋರ್ಸ್‌ಗೆ ಹಾಕಿದರು, ಜನರಲ್ ಶಿಫ್ಟಿಗೆ. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದೆವು. ಅದೇ ಶರ್ಟು ಹಾಕಿದ್ದರು. ಎದೆಯ ಮೇಲೆ ಗ್ರೀಸಿನ ಅಂಗೈಗಳು ಒಂದರ ಮೇಲೊಂದು ಮೂಡಿದ್ದವು. ಹ್ಯಾಮರ್ ಬಿಟ್ಟ ಬೇಸರ ಇರಬಹುದೆಂಬ ಭಯಕ್ಕೆ ನಾನೇ ಕೆಣಕಿದೆ.

“ಸ್ಟೋರ್ಸ್‌ಗಿಂತ ಸಾಯೋದೇ ವಾಸಿ ಅಂತಿದ್ರಿ?”

ಇವರು ತಮ್ಮ ಶರ್ಟಿನ ಎದೆಯನ್ನು ನೋಡಿಕೊಂಡರು.

“ಅವ್ನು ಅಳ್ತಾ ಅಷ್ಟು ಜೋರಾಗಿ ಒತ್ತಿದ ಮೇಲೆ, ಹೆಂಗೇ ಸಾಯ್ಲಿ?”