ಭಾವನ ಕಾರಿನ ಅಗಲ ಟೈರು

ಹೊಸ ಟೈರಿನ ವಾಸನೆ ಮೂಗಿಗೆ ಬಡಿದರೆ ನನಗೆ ನಮ್ಮ ಭಾವನೇ ನೆನಪಾಗುತ್ತಾರೆ. ಮೊನ್ನೆ ಅಕ್ಕ ಅವರ ಕಾರಿಗೆ ಟೈರು ಹಾಕಿಸಿಕೊಂಡು ಬಾ ಎಂದು ಕಳಿಸಿದಾಗ ಅಂಗಡಿ ಬಾಗಿಲಲ್ಲೇ ಆ ರಬ್ಬರಿನ ಘಾಟು... ಜೊತೆಗೆ ಹಳೆಯ ಸಿಟ್ಟೂ ಬಂತು.

ಭಾವ ಬಟ್ಟೆ ವ್ಯಾಪಾರಿ. ಭಾರಿ ವೇಗದ ಕೆಂಪು ಕಾರೊಂದನ್ನು ತಂದು ಎಂ.ಸಿ.ಸಿ. ಬಡಾವಣೆಯ ಮನೆ ಮುಂದೆ ನಿಲ್ಲಿಸಿದ್ದರು. ಅದರ ಶಕ್ತಿ ಬಳಸುವ ಎದೆ ಅವರಿಗಿರಲಿಲ್ಲ. ಸೈಕಲ್ಲಿಗೂ ದಾರಿ ಬಿಡುವವರು. ಓಡಿಸುತ್ತಿದ್ದವಳು ಅಕ್ಕ. ವಿದ್ಯಾನಗರದ ಕಾಲೇಜಿಗೆ ಪಾಠ ಮಾಡಲು ಅದರಲ್ಲೇ ಹೋಗುತ್ತಿದ್ದಳು. ಆ ಮನೆಯಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಆ ಕಾರೊಂದೇ.

ಕಾರು ಬಂದಾಗ ನಾಲ್ಕೂ ಟೈರು ಒಂದೇ ಅಳತೆಯವು. ಭಾವನಿಗೆ ಅದು ಬಡತನದಂತೆ ಕಂಡಿತು. ಫೋನಿನಲ್ಲಿ ಯಾರದೋ ಕಾರಿನ ಹಿಂಭಾಗ ನೋಡಿ, ಹಿಂದಿನೆರಡಕ್ಕೆ ಮಾತ್ರ ಅಗಲವಾದ ಚಕ್ರ, ಅಗಲವಾದ ಟೈರು ಹಾಕಿಸಿದರು. ಹಿಂದೆ ಹಿಡಿತ ಹೆಚ್ಚಾದರೆ ತಿರುವಿನಲ್ಲಿ ಮುಂಭಾಗ ಜಾರುತ್ತದೆ ಎಂದು ಅಕ್ಕ ಎಷ್ಟೋ ಸಲ ಹೇಳಿದಳು. ಪೂಜೆಗೆಂದು ಹರಿಹರಕ್ಕೆ, ಹರಿಹರೇಶ್ವರನ ಗುಡಿಗೆ ಹೋದಾಗಲೂ ಅದೇ ಮಾತು ತೆಗೆದಳು. ಭಾವ ನಕ್ಕರು.

"ಒಳಗಿರೋ ದೇವ್ರೇ ಅರ್ಧ ಹರಿ, ಅರ್ಧ ಹರ. ನನ್ ಕಾರಿಗೆ ಹಿಂದೊಂದು ಮುಂದೊಂದು ಇದ್ರೆ ನಿಂಗೇನ್ ಕಷ್ಟ ಐತೆ?"

ತಮ್ಮ ಜಾಣತನಕ್ಕೆ ತಾವೇ ತಲೆದೂಗುವುದು ಅವರ ಚಾಳಿ.

ವಾಪಸ್ ಬರುವಾಗ ಜಿಟಿಜಿಟಿ ಮಳೆ. ಅಕ್ಕ ಓಡಿಸುತ್ತಿದ್ದಳು, ಭಾವ ಪಕ್ಕದಲ್ಲಿ, ನಾನು ಹಿಂದೆ. ಊರು ದಾಟಿದ ಮೇಲೊಂದು ತಿರುವಿನಲ್ಲಿ ಅಕ್ಕ ಸ್ಟೇರಿಂಗ್ ತಿರುಗಿಸಿದಳು, ಕಾರು ತಿರುಗಲಿಲ್ಲ. ನೆಟ್ಟಗೆ ರಸ್ತೆ ಬಿಟ್ಟಿಳಿದು, ಬೇವಿನ ಮರಕ್ಕೆ ಮೊಳದಷ್ಟು ದೂರದಲ್ಲಿ ಕೆಸರಿನಲ್ಲಿ ನಿಂತಿತು. ಅಕ್ಕ ಎಂಜಿನ್ ಆರಿಸಿ ಕೀ ತೆಗೆದಳು. ಭಾವ ಇಳಿದವರೇ ಹಿಂದಿನ ಚಕ್ರದ ಹತ್ತಿರ ಹೋಗಿ, ಗೀರು ಬಿದ್ದಿದೆಯೇ ಎಂದು ಕರವಸ್ತ್ರದಿಂದ ಒರೆಸಿ ಒರೆಸಿ ನೋಡಿದರು. ಆಮೇಲೆ ಅಕ್ಕನ ಮುಂದೆ ಕೈ ಚಾಚಿದರು.

"ಕೀ ಕೊಡು. ನಿಂಗ್ ಓಡ್ಸಕ್ ಬರಲ್ಲ. ಇನ್ಮೇಲೆ ಬ್ಯಾಡ."

ಅಕ್ಕ ಕೊಟ್ಟಳು. ಮರುದಿನದಿಂದ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋದಳು, ವರ್ಷಗಟ್ಟಲೆ ಹಾಗೇ ಹೋದಳು. ಕಾರು ತನ್ನ ಅಗಲವಾದ ಹಿಂಭಾಗವನ್ನು ಬೀದಿಗೆ ತೋರಿಸಿಕೊಂಡು ಮನೆ ಮುಂದೆ ನಿಂತಿರುತ್ತಿತ್ತು. ಹೋದ ವರ್ಷ ಜ್ವರವೆಂದು ಮಲಗಿದ ಭಾವ ಏಳಲಿಲ್ಲ. ನಾನು ಎಲ್ಲರ ಜೊತೆ ಸ್ಮಶಾನಕ್ಕೆ ಹೋಗಿ ನಿಂತು ಬಂದೆ... ಅಳು ಬರಲಿಲ್ಲ.

ಮೊನ್ನೆ ಮೊದಲಿನ ಚಕ್ರಗಳನ್ನೇ ಅಟ್ಟದಿಂದ ಇಳಿಸಿ, ನಾಲ್ಕಕ್ಕೂ ಒಂದೇ ಅಳತೆಯ ಟೈರು ಹಾಕಿಸಿ ತಂದೆ. ಅಕ್ಕ ಕೀ ತೆಗೆದುಕೊಂಡು ಹರಿಹರದ ದಾರಿ ಹಿಡಿದಳು. ನಾನು ಹಳೆಯ ರೂಢಿಯಂತೆ ಹಿಂದೆ ಕೂತೆ. ಅದೇ ತಿರುವು ಬಂತು. ಅವಳ ಕೈ ತಿರುಗಿದಷ್ಟೇ ಕಾರೂ ತಿರುಗಿತು. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಪಕ್ಕದ ಖಾಲಿ ಸೀಟು ನೋಡಿದಳು.

"ನಂಗ್ ಓಡ್ಸಕ್ ಬರ್ತಿತ್ತು," ಅಂದಳು. "ಯಾರಿಗ್ ಹೇಳ್ಲಿ ಈಗ?"

ಭಾವ ಸತ್ತದ್ದು ಅವತ್ತು ಮೊದಲ ಸಲ ನನಗೆ ನಷ್ಟವೆನಿಸಿತು.